ಕ್ಲೋರೋಫಾರ್ಮದ ಲಾಡಸಾಬ

ಲಾಡಸಾಬನ ಮುತ್ತಜ್ಜ ಜಂಗ್ಲಿಸಾಬ ಲಕ್ಕಲಕಟ್ಟಿಯ ಕಣಗಳಲ್ಲಿ ಜೋಳದ ರಾಶಿ ಕಾಯುತ್ತಿದ್ದ. ಇಲಿ ಓಡಿದ ಸಪ್ಪಳಕ್ಕೇ ಅದು ಗಂಡೋ ಹೆಣ್ಣೋ ಹೇಳುತ್ತಿದ್ದನಂತೆ. ಅಪ್ಪ ಮೈನುದ್ದೀನ ನರೇಗಲ್ ಸಂತೆಯ ಮಾಲು ಕಾಯುತ್ತ, ತನ್ನ ಮದುವೆಯಲ್ಲೂ ಮೆಣಸಿನಕಾಯಿ ಚೀಲದ ಮೇಲೆ ಕೂತೇ ‘ಖಬೂಲ್’ ಅಂದವನು. ನಡುವಿನ ಅಜ್ಜ ಇಮಾಮಸಾಬನೊಬ್ಬ ಮಾತ್ರ ಮಲಗಿದ. ಮೂತ್ರಕೋಶದ ಕಲ್ಲು ತೆಗೆಸಲು ಮಿಶನ್ ದವಾಖಾನೆಗೆ ಹೋದಾಗ ಬಿಳಿಯ ಡಾಕ್ಟರು ಅವನ ಮೂಗಿನ ಮೇಲೆ ಚಹಾ ಸೋಸುವ ಜಾಳಿಗೆಯಂಥದ್ದನ್ನಿಟ್ಟು, ಅರಿವೆ ಹೊದಿಸಿ, ಕ್ಲೋರೋಫಾರ್ಮು ಹನಿಸಿದರು. ಕಲ್ಲು ಹೋಯಿತು, ಜೀವ ಉಳಿಯಿತು. ಆದರೆ ಅವತ್ತೇ ಸಂತೆಯಲ್ಲಿ ಅವನ ಸುಪರ್ದಿನಲ್ಲಿದ್ದ ಹತ್ತಿ ತುಂಬಿದ ಅಂಡಿಗೆ ಕಳುವಾಯಿತು. ಊರು ಜೀವ ಉಳಿದದ್ದನ್ನು ಮರೆಯಿತು, ನಿದ್ದೆಯನ್ನು ಮರೆಯಲಿಲ್ಲ. ಬೆಲ್ಲದ, ಉಳ್ಳಾಗಡ್ಡಿ, ಮೆಣಸಿನಕಾಯಿ ಎಂಬ ಅಡ್ಡಹೆಸರುಗಳ ನಮ್ಮ ಸೀಮೆಯಲ್ಲಿ ಈ ಮನೆತನದವರು ‘ಕ್ಲೋರೋಫಾರ್ಮದ’ ಆದರು. ರೇಶನ್ ಕಾರ್ಡಿನಲ್ಲೂ ಅದೇ ಇದೆ.

ಆ ಹೆಸರಿನ ಕಳಂಕ ತೊಳೆಯಲೆಂದೇ ಲಾಡಸಾಬ ಹುಟ್ಟಾ ಎಚ್ಚರವಿದ್ದಾನೆಂದು ನನ್ನ ಗುಮಾನಿ. ಗಜೇಂದ್ರಗಡದ ಬಸ್ ನಿಲ್ದಾಣದ ಮಗ್ಗುಲಿಗಿರುವ ಸೀರೆ ಅಂಗಡಿಗಳ ಸಾಲಿಗೆ ಅವನು ಕಾವಲುಗಾರ. ಕಾಲು ಮುಂದೆ ನಡೆದರೆ ಕುತ್ತಿಗೆ ಹಿಂದೆ ನಡೆಯುತ್ತದೆ. ಖಾಕಿ ಕೋಟಿನಲ್ಲಿ ಗುಂಡಿಗಿಂತ ಪಿನ್ನುಗಳೇ ಹೆಚ್ಚು. ಕೈಯಲ್ಲಿ ಕಬ್ಬಿಣದ ಬಳೆ ತೊಡಿಸಿದ ಬಡಿಗೆ. ಪ್ರತಿ ಮಾತಿನ ಬಾಲಕ್ಕೆ ಒಂದು ‘ಹುಶಾರ್!’ ಊಟಕ್ಕೆ ಕೂತಾಗಲೂ, “ಇನ್ನೊಂದು ರೊಟ್ಟಿ ಹಾಕು, ಹುಶಾರ್!”

“ಯಾಕ, ರೊಟ್ಟಿ ಎದ್ದು ಓಡಿ ಹೊಕ್ಕಾವೇನ?” ಎಂದು ಹೆಂಡತಿ ಮಕ್ತುಮಬಿ ಕುಟುಕುತ್ತಾಳೆ.

ಇಂಥವನಿಗೆ ಹೋದ ವರ್ಷ ಕರುಳು ಜಾರಿ ತೊಡೆಸಂದಿಯಲ್ಲಿ ಉಬ್ಬಿತು. ಕರುಳು ಸಿಕ್ಕಿಕೊಂಡರೆ ಜೀವಕ್ಕೇ ಸಂಚಕಾರ, ಕೊಯ್ಯಲೇಬೇಕು ಎಂದರು ಡಾಕ್ಟರು. ಹಿಂದೊಮ್ಮೆ ಅಟ್ಟಣಿಗೆಯಿಂದ ಬಿದ್ದು ಬೆನ್ನೆಲುಬು ಮುರಿದಿದ್ದರಿಂದ ಸೊಂಟಕ್ಕೆ ಸೂಜಿ ಹಾಕಿ ಮರಗಟ್ಟಿಸುವಂತಿರಲಿಲ್ಲ. ಅರಿವಳಿಕೆ ಮೂಸಿ ಮಲಗುವುದೊಂದೇ ದಾರಿ. ಲಾಡಸಾಬ ಸಾಯಲು ಒಪ್ಪಿದ, ಮಲಗಲು ಒಪ್ಪಲಿಲ್ಲ.

ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟು, ವಾಚನಾಲಯದ ಕಪಾಟುಗಳನ್ನೇ ಮಾಸ್ತರರನ್ನಾಗಿ ಮಾಡಿಕೊಂಡ ಅಂದಾನಪ್ಪನೆಂಬ ನಾನು ಅವನಿಗೆ ತಿಳಿಹೇಳಲು ಹೋದೆ. ಮೊದಲು ಈಥರ್ ಬಂತು, ದೀಪ ಕಂಡರೆ ಹೊತ್ತಿಕೊಳ್ಳುವ ಗುಣದ್ದು. ಆಮೇಲೆ ನಿಮ್ಮ ಮನೆತನದ ಕ್ಲೋರೋಫಾರ್ಮು, ಸಿಹಿಯಾಗಿ ಮಲಗಿಸುತ್ತಿತ್ತು, ಒಮ್ಮೊಮ್ಮೆ ಎಬ್ಬಿಸುವುದನ್ನೇ ಮರೆಯುತ್ತಿತ್ತು. ಇಂಗ್ಲೆಂಡಿನ ರಾಣಿಯೇ ಹೆರಿಗೆಯಲ್ಲಿ ಅದನ್ನು ಮೂಸಿದ್ದಳು ಎಂದೆ.

“ರಾಣೀನ್ನ ಕಾಯಾಕ ಮಂದಿ ಇದ್ರು. ಕಾಯಾಂವನ ಮೂಸಿದ್ರ ಹ್ಯಾಂಗೋ ಅಂದಾನಪ್ಪ?”

“ಈಗ ಸೆವೋಫ್ಲುರೇನ್ ಅಂತ ಹೊಸಾ ಔಷಧ ಬಂದೈತೋ. ಕೂಸುಗಳು ಸೈತ ಅಳಲಾರದ ಮೂಸತಾವು.”

“ಕೂಸಿಗೇನು, ಅದರ ಸುಪರ್ದಿನ್ಯಾಗ ಏನೈತಿ? ಹುಶಾರ್!”

ಕಡೆಗೆ ನೋವು ತಡೆಯದೆ ದವಾಖಾನೆಗೇನೋ ಬಂದ. ಆದರೆ ಕೊಯ್ಯುವ ಕೋಣೆಯ ಬಾಗಿಲಲ್ಲಿ ಬಡಿಗೆ ಬಿಡಲೊಲ್ಲ. ನರ್ಸ್ ಎಳೆದಳು, ನಾನು ಎಳೆದೆ, ಮಕ್ತುಮಬಿ ಬೈದಳು. ಅಷ್ಟರಲ್ಲಿ ಅರಿವಳಿಕೆ ಕೊಡುವ ಡಾಕ್ಟರ್ ಪೂಜಾ ಬಂದರು. ಎಳೆಯ ವಯಸ್ಸು, ದೊಡ್ಡ ಕನ್ನಡಕ.

“ಯಾಕ ಬಿಡವಲ್ರಿ ಕಾಕಾ?”

“ಪಾಳಿಗೆ ಇನ್ನೊಬ್ಬ ಬಂದು ಬಡಿಗಿ ಹಿಡದು ಹುಶಾರ್ ಅನ್ನೂತನಕ ಕಾವಲುಗಾರ ಕಣ್ಣ ಮುಚ್ಚಂಗಿಲ್ಲ ಬೇಟಿ. ನಮ್ಮಜ್ಜ ಪಾಳಿ ಯಾರಿಗೂ ಕೊಡಲಾರದ ಮಲಗಿದ. ಅದಕ್ಕ ಮನಿ ಹೆಸರು ಕೆಟ್ಟಿತು.”

ಪೂಜಾ ನಗಲಿಲ್ಲ. “ನಾ ನಿದ್ದಿ ಹಚ್ಚಿ ಚಹಾ ಕುಡಿಯಾಕ ಹೊಕ್ಕೇನಿ ಅಂತ ಮಂದಿ ತಿಳಕೊಂಡಾರ್ರಿ. ಖರೇ ಅಂದ್ರ ನಂದೂ ಕಾವಲಿ ಕೆಲಸನ. ನಿಮ್ಮ ಉಸಿರು, ನಿಮ್ಮ ನಾಡಿ, ನೀವು ಏಳೂತನಕ ಅದರ ಮ್ಯಾಲಿನ ಕಣ್ಣ ತಗಿಯಂಗಿಲ್ಲ. ಪಾಳಿ ನನಗ ಕೊಡ್ರಿ.”

ಲಾಡಸಾಬ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದ. “ತೂಕಡಿಕಿ ಬರತೈತೇನು?”

“ಇಲ್ರಿ.”

“ನಿಂತ ಕಾಯ್ತಿಯೋ, ಕುಂತೋ?”

“ಕುಂತ್ರಿ…”

“ಕುಂದರಬ್ಯಾಡ! ಕುಂತಾಂವ ಅರ್ಧಾ ಮಲಗಿದ್ಹಾಂಗ.”

“ಆತ್ರಿ, ನಿಂತಿರತೇನಿ.”

ಬಡಿಗೆ ಕೈ ಬದಲಾಯಿತು. “ಹುಶಾರ್!” ಅಂದ. “ಹುಶಾರ್!” ಅಂದರು ಪೂಜಾ, ಅರ್ಧ ದವಾಖಾನೆ ಬೆಚ್ಚಿಬೀಳುವಂತೆ. ಹಸಿರು ಅರಿವೆ ಸುತ್ತಿಸಿಕೊಂಡು ಬಡಿಗೆಯೂ ಒಳಗೆ ಹೋಯಿತು. ಮೂಗಿಗೆ ಮುಸುಕು ಹಿಡಿದ ಮೇಲೂ “ಎಡಗಡಿ ಬಾಗಲಾ ನೋಡ, ಅದರ ಚಿಲಕ…” ಎಂದು ಹೇಳುತ್ತಲೇ ಇದ್ದನಂತೆ. ಚಿಲಕ ಏನಾಗಿತ್ತೋ ಯಾರಿಗೂ ತಿಳಿಯಲಿಲ್ಲ.

ಹೊರಗೆ ಮಕ್ತುಮಬಿ ಕಟ್ಟಿಗೆಯ ಬಾಕಿನ ಮೇಲೆ ಕೂತು ಕಾಲು ಚಾಚಿದಳು. “ಲಗ್ನ ಆದಾಗಿಂದ ಈ ಹುಶಾರ್ ಕೇಳಿ ಕೇಳಿ ನಿದ್ದಿ ಕಂಡಿಲ್ರಿ ಅಣ್ಣಾರ. ಇವತ್ತ ಸಿಕ್ಕೈತಿ, ಬಿಡಂಗಿಲ್ಲ,” ಎಂದವಳೇ ಗೊರಕೆ ಹೊಡೆದಳು.

ಎಚ್ಚರಾದಾಗ ಲಾಡಸಾಬನ ಮೊದಲ ಮಾತು, “ಬಡಿಗಿ?” ಪೂಜಾ ಕೊಟ್ಟರು. ಬಳೆ ಸವರಿ ನೋಡಿ, “ಏನೇನ ಕಳುವಾತು?” ಅಂದ.

“ಏನೂ ಆಗಿಲ್ರಿ. ಎಲ್ಲಾ ಇದ್ದ ಜಾಗಾದಾಗ ಐತಿ, ಕರುಳು ಸೈತ.”

ಅವನು ಹುಶಾರ್ ಅನ್ನದೆ ತಲೆದೂಗಿ, ಮೊದಲ ಸಲ ತಾನಾಗಿಯೇ ಕಣ್ಣು ಮುಚ್ಚಿದ.

ಕಾವಲುಗಾರರ ಕುಲವೇ ಹೀಗೆ. ಊರೆಲ್ಲ ಅವರ ಎಚ್ಚರದ ಮೇಲೆ ತಲೆಯಿಟ್ಟು ಮಲಗುತ್ತದೆ. ಅವರಿಗೂ ತಲೆಯಿಡಲು ಇನ್ನೊಬ್ಬರ ಎಚ್ಚರ ಬೇಕಾದೀತೆಂಬುದು ಊರಿಗೂ ಹೊಳೆಯುವುದಿಲ್ಲ, ಅವರಿಗೂ ಹೊಳೆಯುವುದಿಲ್ಲ. ಹೊಳೆದರೂ ಒಂದು ನಿದ್ದೆಯ ಮಟ್ಟಿಗಷ್ಟೇ. ಮನೆಗೆ ಹೊರಟ ದಿನ ಮೆಟ್ಟಿಲಲ್ಲಿ ಅವನು ತೂರಾಡಿದನೆಂದು ರಟ್ಟೆ ಹಿಡಿಯಹೋದೆ. ಬಡಿಗೆ ಅಡ್ಡ ಬಂತು.

“ಕೈ ಬಿಡೋ ಅಂದಾನಪ್ಪ! ನೀ ನನ್ನ ಹಿಡಕೊಂಡ ನಿಂತ್ರ, ನಿನ್ನ ಕಿಸೇ ಯಾರು ಕಾಯಬೇಕು? ಹುಶಾರ್!”