ತಳ್ಳಿದರೆ ತೆರೆಯುವ ಬಾಗಿಲು

ಅಕ್ಕ, ಭಾವ ಸೇರಿ ಕಟ್ಟಿದ ಪ್ಲಾಸ್ಟಿಕ್ ಹಾಳೆಯ ಹಸಿರುಮನೆಯಲ್ಲಿ ಟೊಮೆಟೊ ಸಸಿಗಳು ಮತ್ತೆ ಬುಡ ಕೊಳೆತು ಮಲಗಿದವು. ಭಾವ ಔಷಧಿ ಹೊಡೆದರು, ನೀರು ಸುರಿದರು, ಬೀಜ ಕೊಟ್ಟವನನ್ನು ಬೈದರು. ಸಸಿಗಳು ಯಾವುದಕ್ಕೂ ಜಗ್ಗಲಿಲ್ಲ.

ತನ್ನ ತಮ್ಮನಿಗೆ ವಹಿಸಿ ಎಂದು ಹೇಳಿ ಹೇಳಿ ಅಕ್ಕನ ಬಾಯಿ ಒಣಗಿತ್ತು. ಹೊಡೆದಾಟದ ಕೇಸಿನಲ್ಲಿ ಜೈಲು ಸೇರಿದ್ದ ತಮ್ಮ ಈಗ ಬಿಡುಗಡೆಯಾಗಿ ಬಂದಿದ್ದ. ಜೈಲಿನೊಳಗೆ ಹಸಿರುಮನೆ ತರಬೇತಿ ಪಡೆದಿದ್ದ. ಹನಿ ನೀರಾವರಿ, ಕಾಂಪೋಸ್ಟ್, ಚಾವಣಿಯ ಮಳೆನೀರು ಕೂಡಿಡುವುದು, ಹಳದಿ ಅಂಟುಹಾಳೆಯಿಂದ ಬಿಳಿನೊಣ ಹಿಡಿಯುವುದು, ಎಲ್ಲ ಗೊತ್ತಿತ್ತು.

ಭಾವ ಹೆಂಡತಿಯ ದನಿಯನ್ನೇ ಅಣಕಿಸಿದರು. "'ನನ್ ತಮ್ಮ ಎಲ್ಲಾ ಕಲ್ತಿದಾನೆ ರೀ...' ಸೆರೆಮನೇಲಿ ಕಲಿಯೋದೇನು? ಬೀಗ ಒಡೆಯೋದು."

"ಅವನು ಒಡೆದಿದ್ದು ಒಬ್ಬನ ಹಲ್ಲು, ಬೀಗ ಅಲ್ಲ. ಶಿಕ್ಷೆ ಮುಗಿಸಿ ಬಂದಿದಾನೆ. ನೀವ್ಯಾಕೆ ಅದನ್ನ ಮುಂದುವರಿಸ್ತೀರಿ?"

ಸಾಕಾಗಿ ಹೋದ ಭಾವ ಒಂದು ದಿನದ ಅವಕಾಶ ಕೊಟ್ಟರು. ಸಸಿ ಬಾಡಿದರೆ ಮತ್ತೆ ಇತ್ತ ತಲೆ ಹಾಕಬಾರದು ಎಂದರು.

ಮರುದಿನ ಬಿಸಿಲೇರಿದ ಮೇಲೆ ಭಾವ ಬಂದು ನೋಡಿದರೆ, ತಮ್ಮ ಬಾಗಿಲ ಹೊರಗೇ ಕೈಕಟ್ಟಿ ನಿಂತಿದ್ದಾನೆ. ಒಳಗೆ ಪಕ್ಕದ ಪರದೆಗಳೆಲ್ಲ ಮುಚ್ಚಿವೆ, ಸಸಿಗಳು ಸೆಕೆಗೆ ತಲೆ ಬಗ್ಗಿಸಿವೆ. ನಿನ್ನ ತಮ್ಮನ ವಿದ್ಯೆ ನೋಡು ಬಾ ಎಂದು ಭಾವ ಹೆಂಡತಿಯನ್ನು ಕರೆದರು.

ಅಕ್ಕ ಹಣೆ ಚಚ್ಚಿಕೊಂಡಳು. "ಯಾಕೋ ಕಂಬದ ಹಾಗೆ ನಿಂತೆ? ಬೀಗ ಇಲ್ಲ, ಚಿಲಕಾನೂ ಇಲ್ಲ. ತಳ್ಳಿದ್ರೆ ತೆರ್ಕೊಳತ್ತೆ."

"ಜೈಲಲ್ಲಿ ಬಾಗಿಲು ನಾವು ಮುಟ್ಟೋ ಹಾಗಿರ್ಲಿಲ್ಲ ಅಕ್ಕ. ಯಾರಾದ್ರೂ ಬಂದು ತೆಗೀತಾರೆ ಅಂತ ಕಾಯ್ತಿದ್ದೆ. ಹಾಳೆಯಾಚೆ ಆ ಸಸಿಗಳು ಬಾಡೋದು ಕಾಣ್ತಾನೇ ಇತ್ತು."

ಬೀಗದ ಮಾತಾಡಿದ್ದ ಭಾವ ತಾವೇ ಹೋಗಿ ಬಾಗಿಲು ತಳ್ಳಿದರು. ತಮ್ಮ ಒಳನುಗ್ಗಿ ಪರದೆಗಳನ್ನು ಸುತ್ತಿ ಮೇಲೆತ್ತಿದ, ಗಾಳಿಯಾಡಿತು. ಮಣ್ಣು ಹಿಸುಕಿ ನೋಡಿದ. ನೀರು ಹೆಚ್ಚಾಗಿ, ಗಾಳಿಯಿಲ್ಲದೆ ಬುಡ ಕೊಳೆಯುತ್ತಿದೆ, ಔಷಧಿ ಬೇಡ, ಬೆಳಗ್ಗೆ ಪರದೆ ಎತ್ತಿ ಹನಿಹನಿಯಾಗಿ ನೀರು ಕೊಡಿ ಎಂದ. ಸಂಜೆಗೆ ಅಳಿದುಳಿದ ಸಸಿಗಳು ತಲೆ ಎತ್ತಿದವು.

"ನಾಳೆಯಿಂದ ಬಾಗಿಲು ನೀನೇ ತೆಗಿಯಪ್ಪ" ಎಂದರು ಭಾವ. "ನನ್ನ ಕಾಯ್ಬೇಡ, ನಾನು ಏಳೋದೇ ಲೇಟು."

"ಇಷ್ಟು ಹೇಳೋಕೆ ಎಷ್ಟು ಸಸಿ ಸಾಯ್ಬೇಕಾಯ್ತು" ಎಂದು ಅಕ್ಕ ನಿಟ್ಟುಸಿರು ಬಿಟ್ಟಳು.

ಓದುಗರೇ, ನಿಮ್ಮವರು ಯಾರಾದರೂ ಜೈಲಿನಲ್ಲಿದ್ದರೆ, ಭೇಟಿಗೆ ಹೋದಾಗ ಅಲ್ಲಿ ಇಂಥ ತರಬೇತಿ ಇದೆಯೇ ಎಂದು ವಿಚಾರಿಸಿ, ಸೇರಲು ಹೇಳಿ. ನಿಮಗೆ ತೋಟವೋ ನರ್ಸರಿಯೋ ಇದ್ದರೆ, ಕಲಿತು ಬಂದವರ ಕೈಗೆ ಒಂದು ಸಸಿಮಡಿಯನ್ನಾದರೂ ಕೊಡಿ. ನಮ್ಮ ಬಾಗಿಲು ತೆರೆದೇ ಇದೆ ಎಂದು ಮನಸ್ಸಿನಲ್ಲೇ ಅಂದುಕೊಂಡರೆ ಸಾಲದು. ಅವರು ಹೊರಗೆ ನಿಂತು ಕಾಯುತ್ತಿರುತ್ತಾರೆ. ಬಾಯಿಬಿಟ್ಟು ಹೇಳಿ.