ಏಡಿ ಪೊರೆ ಬಿಡುವ ಹೊತ್ತು

ಪೆಟ್ಟಿಗೆಯ ಗಾಜಿನ ಮೇಲೆ ಒಂದು ಚುಕ್ಕಿ ಹರಿಯಿತು, ಕಣ್ಣಿನದೇ ಇರಬೇಕು, ಆಪರೇಷನ್ ಆದಮೇಲೆ ಬಲಗಣ್ಣಿನ ಅಂಚಿನಲ್ಲಿ ಒಮ್ಮೊಮ್ಮೆ ಹೀಗೆ ಚುಕ್ಕಿಗಳು ಓಡುತ್ತವೆ — ಅಲ್ಲ, ಇದು ನಿಂತಿತು, ಮೀಸೆ ಆಡಿಸಿತು, ದಾರಿ ಬದಲಿಸಿತು, ಕಣ್ಣಿನ ಚುಕ್ಕಿ ನಿಂತು ಯೋಚಿಸುವುದಿಲ್ಲ, ಇದು ಇರುವೆ, ಕೆಂಪಿರುವೆ, ಅದರ ಹಿಂದೆ ಇನ್ನೊಂದು, ಅದೂ ಗಾಜಿನ ಹೊರಗಲ್ಲ, ಒಳಗೆ. ಒಳಗೆ ಹೇಗೆ ಬಂತು, ಬೆಳಿಗ್ಗೆ ಇರಲಿಲ್ಲ, ಮೂಗು ಗಾಜಿಗೆ ತಾಗುವಷ್ಟು ಬಗ್ಗಿ ನೋಡಿದ್ದೆ, ಮೂಲೆಯಲ್ಲಿ ಅವನು ತೋಡಿಕೊಂಡು ಇಳಿದ ಗುಂಡಿ ಹಾಗೇ ಇತ್ತು, ಮರಳಿನ ಒಂದು ಕಣವೂ ಅಲುಗಿರಲಿಲ್ಲ. ಅವನು, ನನ್ನ ಶಂಖದ ಏಡಿ, ಬೆನ್ನ ಮೇಲೆ ಮನೆ ಹೊತ್ತು ತಿರುಗುವವನು, ಈಗ ಮರಳಿನ ಅಡಿಯಲ್ಲಿ ಪೊರೆ ಬಿಡುತ್ತಿದ್ದಾನೆ, ಹಳೆಯ ಚಿಪ್ಪು ಕಳಚಿ ಹೊಸದು ಗಟ್ಟಿಯಾಗುವವರೆಗೆ ಹಸಿ ಬಾಣಂತಿಯ ಹಾಗೆ ಮೆತ್ತಗೆ ಬಿದ್ದಿರುತ್ತಾನೆ, ಕಚ್ಚಲಾರ, ಓಡಲಾರ, ಇರುವೆ ಬಂದರೆ ಬಂದದ್ದೇ. ಆಚೆ ಕೋಣೆಯಲ್ಲಿ ಸೊಸೆ ಅನಿತಾಳ ಹೊಲಿಗೆ ಮಷಿನ್ನು ಓಡುತ್ತಿದೆ, ಓಡಲಿ, ಅದು ಓಡುವಷ್ಟು ಹೊತ್ತು ನನ್ನದು. ಬೆಳಿಗ್ಗೆ ಚಹಾ ಕೊಡುವಾಗಲೇ ಹೇಳಿದಳಲ್ಲ, ಅತ್ತಿ, ಈ ಗಂಟು ಮುಗಿಯೂದ್ರಾಗ ನಿಮ್ಮ ಪೆಟ್ಟಿಗಿ ಎತ್ತಿ ಬ್ಯಾರೆ ಕಡಿ ಇಡ್ರಿ, ನಾ ಪುಡಿ ಹಾಕಾಕಿ. ಬ್ರೂಸ್‌ಪೇಟೆಯಿಂದ ತಂದ ಪುಡಿ, ಪೊಟ್ಟಣ ಆಗಲೇ ಅವಳ ಮಷಿನ್ನಿನ ಪಕ್ಕ ಕೂತಿದೆ, ಬಿಳಿ ಕವರಿನ ಮೇಲೆ ಕಾಲು ಮೇಲಾಗಿ ಸತ್ತ ಇರುವೆಯ ಚಿತ್ರ. ಅವಳ ಸಿಟ್ಟು ಸುಳ್ಳಲ್ಲ, ಮೊನ್ನೆ ಪ್ಯಾಂಟಿನ ಬಟ್ಟೆಯ ಗಂಟಿನೊಳಗೆ ಕೈಯಿಟ್ಟಾಗ ಮುಂಗೈಯೆಲ್ಲ ಕಚ್ಚಿ ಬೋರೆಹಣ್ಣಿನ ಹಾಗೆ ಊದಿತ್ತು, ಒಂದು ದಿನವೆಲ್ಲ ಹೊಲಿಯಲಾಗಲಿಲ್ಲ. ಆದರೆ ಆ ಪುಡಿ ಇರುವೆಗೆ ಒಂದು, ಏಡಿಗೆ ಒಂದು ಎಂದು ನೋಡುವುದಿಲ್ಲ, ಎರಡಕ್ಕೂ ಕೀಲುಕೀಲಿನ ಕಾಲು, ಎರಡಕ್ಕೂ ಮೀಸೆ, ಅದನ್ನು ಕೊಲ್ಲುವುದು ಇವನನ್ನೂ ಕೊಲ್ಲುತ್ತದೆ, ಫ್ಯಾನು ತಿರುಗಿದರೆ ಸಾಕು, ಗಾಳಿಗೆ ಎದ್ದು ಪೆಟ್ಟಿಗೆಗೆ ಮುಚ್ಚಿದ ಜಾಳಿಗೆಯೊಳಗಿಂದ ಉದುರುತ್ತದೆ. ಪೆಟ್ಟಿಗೆ ಎತ್ತುವ ಹಾಗಿಲ್ಲ. ಎತ್ತಿದರೆ ಮರಳು ಕುಸಿಯುತ್ತದೆ, ಅವನು ಕಟ್ಟಿಕೊಂಡ ಗೂಡು ಅವನ ಮೇಲೆಯೇ ಬೀಳುತ್ತದೆ. ಎತ್ತುವುದಿಲ್ಲ. ತೋಡುವುದಿಲ್ಲ. ಪುಡಿ ಹಾಕಗೊಡುವುದಿಲ್ಲ. ಇರುವೆಯನ್ನೂ ಬಿಡುವುದಿಲ್ಲ. ದಾರಿ ಯಾವುದು, ಮೊದಲು ದಾರಿ ನೋಡಬೇಕು, ಬಂದ ದಾರಿ ಕಂಡರೆ ತಾನೇ ಮುಚ್ಚುವುದು.

ಗೋಡೆ ಇಲ್ಲ, ಗೋಡೆಗೂ ಪೆಟ್ಟಿಗೆಗೂ ನಡುವೆ ಗೇಣು ಜಾಗ ಬಿಟ್ಟಿದ್ದೇನೆ, ಕೈಯಾಡಿಸಿದೆ, ಖಾಲಿ. ಪರದೆ ಇಲ್ಲ, ಕರೆಂಟಿನ ವೈರು ಇಲ್ಲ, ಮೇಲಿಂದ ಬಂದಿಲ್ಲ, ಬಂದರೆ ಕೆಳಗಿಂದಲೇ, ಪೆಟ್ಟಿಗೆ ಇಟ್ಟ ಸ್ಟೂಲಿನ ಕಾಲಿನಿಂದಲೇ, ಆದರೆ ಕಾಲುಗಳೆಲ್ಲ ಬಟ್ಟಲಿನಲ್ಲಿವೆ, ಬಟ್ಟಲಲ್ಲಿ ನೀರಿದೆ. ಅದು ನಮ್ಮವ್ವ ಕಲಿಸಿದ್ದು, ಕುರುಗೋಡಿನಲ್ಲಿ ಹಾಲು ಮೊಸರಿನ ಕಪಾಟು ಕಲ್ಲಿನ ಬಟ್ಟಲುಗಳಲ್ಲಿ ಕಾಲಿಟ್ಟುಕೊಂಡು ನಿಂತಿರುತ್ತಿತ್ತು, ಅವ್ವ ಬೆಳಗಾದರೆ ಮೊದಲು ಅವಕ್ಕೆ ನೀರು ಹಾಕುವಳು, ಆಮೇಲೆ ನಮಗೆ ರೊಟ್ಟಿ, ಇರುವಿಗೆ ಈಜು ಬರಂಗಿಲ್ಲ ಮಗಳ ಉಚ್ಚೆಂಗಿ, ನೆಪ್ಪಿಟ್ಟುಗೋ, ಅನ್ನುವಳು ನನಗೆ. ನೆನಪಿಟ್ಟುಕೊಂಡಿದ್ದೇನೆ. ಸಿರುಗುಪ್ಪದ ಅತ್ತೆ ಕಲಿಸಿದ್ದು ಬೇರೆ, ಸೋಮವಾರ ಬಂತೆಂದರೆ ರವೆ ಬೆಲ್ಲ ಕಲಸಿ ಬಾಗಿಲ ಮೂಲೆಯಲ್ಲಿ ಇರುವೆಗೆ ಇಡಬೇಕು, ಇರುವಿ ಕೊಂದ ಮನಿಯಾಗ ಕಾಳು ನಿಲ್ಲಂಗಿಲ್ಲ, ಹೊಟ್ಟಿ ತುಂಬಿದ ಇರುವಿ ಒಳಗ ಬರಂಗಿಲ್ಲ, ಎಂದು ಹೇಳಿ ಹೇಳಿ ಆಕೆ ಹೋದಳು, ನಾನು ಬಿಡಲಿಲ್ಲ, ಈ ಕೌಲ್ ಬಜಾರಿನ ಓಣಿಗೆ ಬಂದಮೇಲೂ ಬಿಡಲಿಲ್ಲ, ಇಷ್ಟು ವಯಸ್ಸಾಯಿತು, ತಿಳಿದು ಒಂದು ಇರುವೆ ಕೊಂದಿಲ್ಲ. ಏಡಿ ಬಂದಮೇಲೆ ಜಾಸ್ತಿಯೇ ಇಟ್ಟೆ. ಅವು ಹೊಟ್ಟೆತುಂಬ ತಿಂದು ಅತ್ತಲೇ ಹೋಗಲಿ, ಪೆಟ್ಟಿಗೆಯ ಕಡೆ ಬಾರದಿರಲಿ ಎಂದು ಬಾಗಿಲ ಮೂಲೆ ಬಿಟ್ಟು ಸ್ಟೂಲಿನ ಈಚೆಗೇ ಇಟ್ಟೆ, ಸೋಮವಾರಕ್ಕೆ ಗುರುವಾರ ಸೇರಿತು, ಗುರುವಾರಕ್ಕೆ ಶನಿವಾರ. ಅನಿತಾ ನಗುತ್ತಲೇ ಅಂದಳು, ನೀವ ಎಲಿ ಹಾಕಿ ಕರದು ಉಣಿಸೀರಿ, ಈಗ ಬೀಗರು ಹೋಗವಲ್ರು ಅಂತ ಅಳತೀರಿ. ಆಗ ನನಗೆ ಸಿಟ್ಟು ಬಂತು, ಈಗ ಈ ನೆಲದ ಮೇಲೆ ಮೊಣಕಾಲೂರಿ ಕೂತಾಗ ಬರುತ್ತಿಲ್ಲ, ಸರಿಯಾಗಿಯೇ ಅಂದಳು, ಹೊಟ್ಟೆ ತುಂಬಿದ ಇರುವೆ ಮನೆಗೆ ಹೋಗಿ ಮಲಗುವುದಿಲ್ಲ, ಊರಿಗೆಲ್ಲ ಹೇಳಿ ಬರುತ್ತದೆ. ಮೊಣಕಾಲು ನೋಯುತ್ತಿದೆ, ನೋಯಲಿ. ಮಷಿನ್ನು ನಿಂತಿತು — ಇಲ್ಲ, ದಾರ ಹರಿದಿರಬೇಕು, ಮತ್ತೆ ಹೊರಟಿತು. ಸಣ್ಣ ಏಡಿಯನ್ನು ಹೀಗೆಯೇ ಕಳೆದುಕೊಂಡೆ. ಎರಡು ತಂದಿದ್ದ ಮಾರೇಶ, ನನ್ನ ಮಗ, ಲಾರಿಯಲ್ಲಿ ಅದಿರು ತುಂಬಿಕೊಂಡು ಆಂಧ್ರದ ಬಂದರಿಗೆ ಹೋದವನು ದಂಡೆಯಿಂದ ಎತ್ತಿಕೊಂಡು ಬಕೆಟ್ಟಿನಲ್ಲಿ ತಂದಿದ್ದ, ಅವ್ವ, ನೀ ಸಮುದ್ರ ನೋಡಿಲ್ಲಲ್ಲ, ಸಮುದ್ರದ ಮಂದೀನ ಕರಕೊಂಡು ಬಂದೀನಿ ನೋಡು, ಅಂದ. ಪಕ್ಕದ ಮನೆಯ ಎರ್ರಮ್ಮ ಇಣುಕಿ ನೋಡಿ, ಉಪ್ಪು ಖಾರ ನಿನ್ನದು, ಮಸಾಲಿ ಅರಿಯಾಕ ನಾ ಬರ್ತೀನಿ ತಗಿ, ಎಂದು ಬಿದ್ದು ಬಿದ್ದು ನಕ್ಕಳು. ನಾನು ಮಾತ್ರ ಆ ಸಣ್ಣದು ಶಂಖದೊಳಗಿಂದ ಕಣ್ಣಿನ ಕಡ್ಡಿ ಚಾಚಿ ನನ್ನನ್ನು ನೋಡಿದ್ದನ್ನು ನೋಡಿದೆ. ಅದು ಮರಳಿಗಿಳಿದಾಗ ಸತ್ತಿದೆ ಎಂದುಕೊಂಡು ತೋಡಿ ತೆಗೆದು ಮೇಲಿಟ್ಟೆ, ಪೊರೆ ಬಿಡುತ್ತಿತ್ತು ಅದು, ನನಗೆ ತಿಳಿಯಲಿಲ್ಲ, ಸಂಜೆಗೆ ಶಂಖದ ಬಾಯಲ್ಲಿ ಇರುವೆಗಳು ಸಂತೆಗೆ ಹೋಗಿಬಂದ ಹಾಗೆ ಹೋಗಿಬರುತ್ತಿದ್ದವು. ಆಮೇಲೆ ಓದಿದೆ, ಮಾರೇಶನ ಮೊಬೈಲಿನಲ್ಲಿ, ಮಕ್ಕಳಾದ ಮೇಲೆ ಸಿರುಗುಪ್ಪದ ರಾತ್ರಿ ಶಾಲೆಯಲ್ಲಿ ಕೂಡಿಸಿ ಓದಲು ಕಲಿತವಳು, ಈಗಲೂ ಬೆರಳು ಅಕ್ಷರದ ಕೆಳಗೆ ಇಟ್ಟರೇ ಸಾಲು ತಪ್ಪುವುದಿಲ್ಲ, ಮೊಬೈಲಿಗೆ ಬೆರಳಿಟ್ಟರೆ ಅದು ಎತ್ತಲೋ ಓಡುತ್ತದೆ, ಆದರೂ ಓದಿದೆ, ಇಳಿದವನನ್ನು ಎಬ್ಬಿಸಬಾರದು, ಅವನ ಹಸಿ ಮೈಯ ವಾಸನೆ ಇರುವೆಗೆ ದೂರದಿಂದ ತಿಳಿಯುತ್ತದೆ, ಕಾಯಬೇಕು. ಕಾಯುತ್ತಿದ್ದೇನೆ. ಈ ಸಲ ಕಾಯುತ್ತಿದ್ದೇನೆ.

ಒಂದನೆಯ ಬಟ್ಟಲು, ನೀರು ತಿಳಿಯಾಗಿದೆ, ಸತ್ತ ಇರುವೆ ತೇಲುತ್ತಿದೆ, ಸರಿ. ಗೋಡೆ ಕಡೆಯದು, ಸರಿ. ಹಿಂದಿನದು ಕತ್ತಲಲ್ಲಿದೆ, ಕಣ್ಣಿಗೆ ಕಾಣುವುದಿಲ್ಲ, ಬೆರಳದ್ದಿದೆ, ಸರಿ. ಮಷಿನ್ನಿನ ಕೋಣೆಯ ಕಡೆಗಿರುವುದು — ಇದೇನಿದು, ನೀರಿನ ಮೇಲೆ ಕೆನೆ ಕಟ್ಟಿದೆಯೇ, ನೀರಿಗೆ ಯಾವ ಕೆನೆ, ಬಳ್ಳಾರಿಯ ಕೆಂಪು ಧೂಳು ಇರಬೇಕು, ಆದರೆ ಕೆಂಪಲ್ಲ, ನೀಲಿ, ಸೆರಗಿನಿಂದ ಕನ್ನಡಕ ಒರೆಸಿ ಹಾಕಿಕೊಂಡೆ, ನೀಲಿ ನೂಲು, ಪ್ಯಾಂಟಿನ ಬಟ್ಟೆ ಕತ್ತರಿಸುವಾಗ ಹೊಲಿಯುವಾಗ ಉದುರುವ ನೂಲಿನ ಎಳೆಗಳು, ಫ್ಯಾನಿನ ಗಾಳಿಗೆ ಹಾರಿ ಹಾರಿ ಬಂದು ಒಂದರ ಮೇಲೊಂದು ಬಿದ್ದು ಬಟ್ಟಲಿನ ಅಂಚಿನಿಂದ ಸ್ಟೂಲಿನ ಕಾಲಿಗೆ ಸೇತುವೆ ಕಟ್ಟಿವೆ. ಅದರ ಮೇಲೆ ಒಂದು ಇರುವೆ ಬಂತು, ನಿಂತಿತು, ನೂಲು ಸ್ವಲ್ಪ ತಗ್ಗಿತು, ಮುಳುಗಲಿಲ್ಲ, ಕಾಲು ನೆನೆಯದೆ ದಾಟಿಹೋಯಿತು. ಅವ್ವಾ, ನಿನ್ನ ಇರುವೆಗಳಿಗೆ ಈಜು ಬರುತ್ತಿರಲಿಲ್ಲ, ಇವಕ್ಕೂ ಬರುವುದಿಲ್ಲ, ಆದರೆ ನಿನ್ನ ಮನೆಯಲ್ಲಿ ಯಾರೂ ಪ್ಯಾಂಟು ಹೊಲಿಯುತ್ತಿರಲಿಲ್ಲ. ನೂಲು ತೆಗೆದೆ, ಎರಡು ಬೆರಳಿನಿಂದ, ಒದ್ದೆ ಕೂದಲಿನ ಹಾಗೆ ಬಂತು. ತೆಗೆದರೆ ಮುಗಿಯಿತೇ, ಅನಿತಾ ನಾಳೆಯೂ ಹೊಲಿಯುತ್ತಾಳೆ, ನಾಡಿದ್ದೂ ಹೊಲಿಯುತ್ತಾಳೆ, ಹೊಲಿಯಲೇಬೇಕು, ನಾಳೆಯೂ ನೂಲು ಬೀಳುತ್ತದೆ. ನೀರನ್ನು ನಂಬಿ ಕೂರುವ ಹಾಗಿಲ್ಲ, ಕಾಲಿಗೇ ಏನಾದರೂ ಹಚ್ಚಬೇಕು, ಅಂಟುವಂಥದ್ದು, ಬಟ್ಟಲು ದಾಟಿದರೂ ಮೇಲೆ ಏರಲಾಗದಂಥದ್ದು, ಕೊಬ್ಬರಿ ಎಣ್ಣೆ ಬೇಡ, ಅದು ಅವಕ್ಕೆ ಹಬ್ಬ, ಗ್ರೀಸು, ಮಾರೇಶನ ಲಾರಿಯ ಗ್ರೀಸು, ಮಂಚದ ಕೆಳಗೆ ಡಬ್ಬಿಯಿದೆ. ಏಳಲು ಗೋಡೆ ಹಿಡಿದೆ, ಎದ್ದೆ, ಬಗ್ಗಿದೆ, ಡಬ್ಬಿಯ ಮುಚ್ಚಳಕ್ಕೆ ಚಮಚದ ಹಿಡಿ ಹಾಕಿ ಮೀಟಿದೆ, ಕಪ್ಪಗೆ, ದಪ್ಪಗೆ, ಒಣಗಿದ ಬೆಣ್ಣೆಯ ಹಾಗೆ, ಬೆರಳುಗಳಲ್ಲಿ ತೋಡಿ ಕಾಲುಗಳ ಸುತ್ತ ಬಳೆ ತೊಡಿಸಿದ ಹಾಗೆ ಬಳಿದೆ, ಸಂದು ಬಿಡದಂತೆ, ಪೆಟ್ಟಿಗೆಗೆ ತಾಗದಂತೆ. ಇನ್ನು ನೆಲದ ಸಾಲು. ಬಾಗಿಲ ಸಂದಿಯಿಂದ ರವೆಯವರೆಗೆ, ರವೆಯಿಂದ ಬಟ್ಟಲಿನವರೆಗೆ, ಜರಿಯ ಅಂಚಿನ ಹಾಗೆ ಹೊಳೆಯುವ ಸಾಲು, ಇದನ್ನು ಒರೆಸದಿದ್ದರೆ ವಾಸನೆ ಹಿಡಿದು ಮತ್ತೆ ಬರುತ್ತವೆ. ಒದ್ದೆ ಬಟ್ಟೆ ಕೈಯಲ್ಲಿದೆ. ಕೈ ಏಳುತ್ತಿಲ್ಲ. ಅತ್ತೆ ಬಾಗಿಲಲ್ಲಿ ನಿಂತ ಹಾಗಾಗುತ್ತದೆ, ಬಿಳಿ ಸೆರಗು, ಕೈಯಲ್ಲಿ ರವೆಯ ತಟ್ಟೆ. ಅತ್ತೀ, ನಾನೇ ಕರೆದೆ, ನಾನೇ ಉಣಿಸಿದೆ, ಈಗ ನಾನೇ ಒರೆಸುತ್ತೇನೆ, ಪುಡಿ ಹಾಕಿ ಗೂಡಿಗೆ ಗೂಡೇ ಸಾಯಿಸುವುದಿಲ್ಲ, ಈ ಸಾಲು ಮಾತ್ರ, ಇದರ ಪಾಪ ನನ್ನ ಕೈಗೆ, ಅನಿತಾಳ ಕೈಗಲ್ಲ. ಒರೆಸಿದೆ. ಬಟ್ಟೆ ತಿರುವಿ ಮತ್ತೆ ಒರೆಸಿದೆ. ಬಟ್ಟೆಯಲ್ಲಿ ಕೆಂಪು ಸಾಸಿವೆಯ ಹಾಗೆ ಅಂಟಿದವು, ಕೆಲವು ಇನ್ನೂ ಆಡುತ್ತಿದ್ದವು, ಒಂದು ನನ್ನ ಹೆಬ್ಬೆರಳಿಗೆ ಕಚ್ಚಿತು, ಕಚ್ಚು, ಅದು ನಿನ್ನ ನ್ಯಾಯ.

ಮಷಿನ್ನು ನಿಂತಿದೆ. ಈ ಸಲ ದಾರ ಹರಿದದ್ದಲ್ಲ, ಕುರ್ಚಿ ಸರಿಯಿತು, ಕತ್ತರಿ ಇಟ್ಟ ಸದ್ದು, ಬಂದಳು, ಕೈಯಲ್ಲಿ ಪೊಟ್ಟಣ, ಮೂಗಿಗೆ ಕರವಸ್ತ್ರ ಕಟ್ಟಿದ್ದಾಳೆ, ನೆಲದ ಮೇಲೆ ಕೂತ ನನ್ನನ್ನೂ ಕರೀ ಕೈಯನ್ನೂ ನೋಡಿ ಹೊಸ್ತಿಲಲ್ಲೇ ನಿಂತಳು, ಏನ್ರೀ ಅತ್ತಿ ಇದು, ಲಾರಿ ಬಿಚ್ಚೀರೇನು. ನಾನು ನಗಲಿಲ್ಲ, ಬಾ ಇಲ್ಲಿ, ಕುಂದ್ರು, ಎಂದು ನೀಲಿ ನೂಲಿನ ಉಂಡೆಯನ್ನು ಅವಳ ಅಂಗೈಯಲ್ಲಿಟ್ಟೆ, ಬಟ್ಟಲು ತೋರಿಸಿದೆ, ಹೇಗೆ ದಾಟುತ್ತಿದ್ದವು ಎಂದು ಹೇಳಿದೆ. ಅವಳು ಉಂಡೆಯನ್ನು ತಿರುವಿ ತಿರುವಿ ನೋಡಿದಳು, ಕರವಸ್ತ್ರ ಕೆಳಗೆಳೆದಳು, ಅಂದ್ರ ನನ್ನ ದುಡಿಮಿದ ತಪ್ಪು ಅಂತೀರೇನು. ನಿಂದಲ್ಲವ್ವ, ರವಾ ಇಟ್ಟಾಕಿ ನಾನು, ಸೇತುವಿ ಕಟ್ಟಿದ್ದು ಗಾಳಿ, ಅಂದೆ. ಅವಳು ಊದಿದ ಗುರುತಿರುವ ಮುಂಗೈಯನ್ನು ಇನ್ನೊಂದು ಕೈಯಿಂದ ತಿಕ್ಕಿಕೊಂಡಳು, ಸಂಜೆಗೆ ಹೊಲಿಯಲು ಬಟ್ಟೆ ಕೊಡುವ ಚನ್ನಬಸವರಾಜ ಹೊಲಿದದ್ದನ್ನು ಒಯ್ಯಲು ಬರುತ್ತಾನೆ, ಗಂಟಿನಲ್ಲಿ ಇರುವೆ ಕಂಡರೆ ಇನ್ನೊಮ್ಮೆ ಬಟ್ಟೆ ಕೊಡುವುದಿಲ್ಲ ಎಂದು ಹೋದ ಸಲವೇ ಹೇಳಿದ್ದಾನೆ, ಆ ಗಂಟೇ ಅವಳ ಏಡಿ, ಅವಳೂ ಅದನ್ನು ಕಾಯಬೇಕಲ್ಲ. ಪೆಟ್ಟಿಗೆಯ ಕಡೆ ನೋಡಿದಳು, ಅದು ಜೀವಂತ ಐತೆಂತ ನಿಮಗ ಹೆಂಗ ಗೊತ್ತು ಅತ್ತಿ, ಸತ್ತು ಮಣ್ಣಾಗಿದ್ರ. ಗೊತ್ತಿಲ್ಲ, ಅಂದೆ, ಗೊತ್ತಿಲ್ಲದ್ದಕ್ಕ ಕಾಯಾಕ ಹತ್ತೀನಿ. ಅವಳು ಪೊಟ್ಟಣವನ್ನು ಕಪಾಟಿನ ಮೇಲಿಟ್ಟಳು, ಒಳಗಲ್ಲ, ಮೇಲೆ, ಕೈಗೆ ಸಿಗುವ ಹಾಗೆ. ಇವತ್ತು ಬಿಡ್ತೀನ್ರಿ, ನಾಳಿ ನನ್ನ ಗಂಟಿನ್ಯಾಗ ಒಂದಾ ಒಂದು ಇರುವಿ ಕಂಡ್ರೂ ಕೇಳಂಗಿಲ್ಲ. ಕೇಳಬ್ಯಾಡ, ಅಂದೆ. ಗ್ರೀಸಿನ ಡಬ್ಬಿ ಎತ್ತಿಕೊಂಡು ಹೋದಳು, ಯಾಕೆಂದು ಕೇಳಲಿಲ್ಲ, ಆಮೇಲೆ ಆಚೆ ಕೋಣೆಯಲ್ಲಿ ಬಟ್ಟೆಗಂಟಿನ ಮೇಜು ಎಳೆದ ಸದ್ದು, ಅದರ ಕಾಲಿಗೂ ಬಳಿಯುತ್ತಿದ್ದಾಳೆ.

ಇನ್ನು ಒಳಗಿರುವವು. ದಾರಿ ಮುಚ್ಚಿದೆ, ಹೊರಗಿನವು ಬರಲಾರವು, ಒಳಗಿನವು ಹೋಗಲಾರವು, ಜಾಳಿಗೆ ಸರಿಸಿ ಒಂದೊಂದಾಗಿ ಎತ್ತಬೇಕು, ಬಟ್ಟೆಯ ತುದಿ ಒದ್ದೆ ಮಾಡಿ ಮುಟ್ಟಿದರೆ ಅಂಟಿಕೊಳ್ಳುತ್ತವೆ, ಗಾಜಿನ ಮೇಲಿನದು ಬಂತು, ನೀರಿನ ಚಿಪ್ಪಿನ ಅಂಚಿನದು ಬಂತು, ಗುಂಡಿಯ ಬಾಯಲ್ಲಿ ಎಷ್ಟಿವೆ ತಿಳಿಯದು. ಉಸಿರು ಬಿಗಿ ಹಿಡಿದು ಕಾಯುತ್ತೇನೆ. ಮರಳಿನ ಕಣವೊಂದು ಅಲುಗಿತು, ಅವನೇ, ಅವನೇ ಅಡಿಯಿಂದ — ಅಲ್ಲ, ಇರುವೆ, ಗುಂಡಿಯೊಳಗಿಂದ ಮೇಲೆ ಬಂತು, ಬಾಯಲ್ಲಿ ಒಂದು ಬಿಳಿ ಚೂರು. ಬಿಳಿ. ಸಿರುಗುಪ್ಪದ ಗದ್ದೆಯ ಏಡಿಯನ್ನು ಕಾಲು ಮುರಿದು ಎಷ್ಟು ತಿಂದಿಲ್ಲ ನಾನು, ಕಾಲಿನೊಳಗಿನ ಮಾಂಸ ಹೀಗೇ ಇರುತ್ತದೆ, ಹೀಗೇ ಎಳೆ ಎಳೆ, ಹೀಗೇ ಬಿಳಿ. ತೋಡಲೇ, ಕೈ ಗುಂಡಿಯ ಮೇಲೆ ಹೋಗಿ ನಿಂತಿದೆ, ಅವನು ಒಳಗೆ ಇರುವೆಗೆ ಮೈಕೊಟ್ಟು ಮಲಗಿದ್ದರೆ, ಒಂದು ಹಿಡಿ ಮರಳು ತೆಗೆದರೆ ಸಾಕು, ಗೊತ್ತಾಗುತ್ತದೆ — ಇಲ್ಲ, ಸಣ್ಣದನ್ನು ಈ ಕೈಯೇ ತೋಡಿತು, ತೋಡುವುದಿಲ್ಲ, ಹಿಂದೆ ತಗೋ ಕೈ. ಗುಂಡಿಯ ಪಕ್ಕ ಕೊಬ್ಬರಿ ಇಟ್ಟಿದ್ದೆನಲ್ಲ, ಎದ್ದು ಬಂದರೆ ಹಸಿದಿರುತ್ತಾನೆಂದು, ಅದೂ ಬಿಳಿಯೇ, ಅದರ ಪುಡಿ ಒಳಗೆ ಉದುರಿರಬಹುದು. ಎರಡೂ ಬಿಳಿ. ಕಣ್ಣಿನಿಂದ ಆಗುವ ಕೆಲಸವಲ್ಲ ಇದು. ಇರುವೆಯನ್ನು ಬಟ್ಟೆಯ ತುದಿಯಿಂದ ಎತ್ತಿದೆ, ಬಾಯಿಂದ ಚೂರು ಬಿಡಿಸಿದೆ, ಬಿಡುವುದಿಲ್ಲ ಎಂದು ಎಳೆಯಿತು, ನಾನೂ ಎಳೆದೆ, ಗ್ರೀಸಿಲ್ಲದ ಕಿರುಬೆರಳಿನ ತುದಿಯಲ್ಲಿ ಸಾಸಿವೆಯ ಕಾಲುಭಾಗದಷ್ಟು ಬಿಳಿ, ನಾಲಿಗೆಗೆ ಹಚ್ಚಿದೆ. ಏನೂ ತಿಳಿಯಲಿಲ್ಲ. ಮುಂಬಲ್ಲಿನಲ್ಲಿ ಒತ್ತಿದೆ, ಎಣ್ಣೆ, ಸಿಹಿ, ಕೊಬ್ಬರಿ. ಕೊಬ್ಬರಿಯೇ. ಆದರೆ ಒಂದು ಕೊಬ್ಬರಿ ಆದಮಾತ್ರಕ್ಕೆ ಎಲ್ಲವೂ ಕೊಬ್ಬರಿಯಾಗಬೇಕೇ, ಗುಂಡಿಯಿಂದ ಮತ್ತೊಂದು ಬಂತು, ಬಾಯಲ್ಲಿ ಬಿಳಿ ಚೂರು, ಎತ್ತಿದೆ, ಬಿಡಿಸಿದೆ, ನಾಲಿಗೆಗೆ ಇಟ್ಟೆ, ಕೊಬ್ಬರಿ. ಬರಲಿ, ಎಷ್ಟಿವೆಯೋ ಅಷ್ಟೂ ಬರಲಿ, ಒಂದನ್ನೂ ರುಚಿ ನೋಡದೆ ಬಿಡುವುದಿಲ್ಲ. ಮರಳು ಅಲುಗಿತು. ಮೀಸೆ ಬಂತು, ತಲೆ ಬಂತು, ಇನ್ನೊಂದು ಇರುವೆ, ಬಾಯಲ್ಲಿ ಬಿಳಿ ಚೂರು, ಬಟ್ಟೆಯ ತುದಿ ಚಾಚಿದೆ —