ಕೆಂಪು ಗೆರೆಯ ಆಚೆ

ಸಂಗೀತದ ಕೆಲಸದವರಿಗೆಲ್ಲ ಅವನು ಅಣ್ಣ. ಕೊಳಲಿನವನಿಗೂ ಅಣ್ಣ, ವೈರು ಎಳೆದು ಮೈಕ್ ನಿಲ್ಲಿಸುವವನಿಗೂ ಅಣ್ಣ. ಅವನಿಗಿಂತ ದೊಡ್ಡವರಾದ ಪಿಟೀಲಿನವರೂ ಕೆಲಸ ಬೇಕಾದಾಗ ಅಣ್ಣಾ ಎಂದೇ ರಾಗ ತೆಗೆಯುತ್ತಿದ್ದರು. ಹೀಗಾಗಿ ಅವನ ಹೆಂಡತಿ ಎಲ್ಲರಿಗೂ ಅತ್ತಿಗೆಯಾದಳು. ಮದುವೆಗೆ ಮುಂಚೆ ಇದೇ ಜನ ಅವಳನ್ನು ಮೇಡಂ ಎನ್ನುತ್ತಿದ್ದರು. ಅವಳು ಬಂದರೆ ಕುರ್ಚಿ ಒರೆಸಿ ಕೊಡುತ್ತಿದ್ದರು, ಅವಳು ಹಾಡುವಷ್ಟು ಹೊತ್ತೂ ಫ್ಯಾನು ನಿಲ್ಲಿಸಿ ಬೆವರುತ್ತ ಕೂರುತ್ತಿದ್ದರು. ಅತ್ತಿಗೆಯಾದ ಮೇಲೆ ಅವಳ ಹತ್ತಿರ ಕಾಫಿ ಕೇಳುವ ಸಲಿಗೆ ಬಂತು. ಸಲಿಗೆ ಒಳ್ಳೆಯದೇ, ಆದರೆ ಆಮೇಲೆ ಅವಳನ್ನು ಹಾಡಲು ಕರೆದವರು ಬಹಳ ಕಡಿಮೆ.

ಆಚೆ ತಿಂಗಳು ಅಣ್ಣ ಹೊಸ ಕಂಪ್ಯೂಟರ್ ತಂದ. ಮನೆಯ ಮಹಡಿ ಮೇಲೆ, ಗೋಡೆಗೆಲ್ಲ ಕಪ್ಪು ಸ್ಪಂಜು ಅಂಟಿಸಿ ಕಿಟಕಿ ಮುಚ್ಚಿದ ಕೋಣೆಯೇ ಅವನ ಸ್ಟುಡಿಯೋ. ಹಳೆಯ ಕಂಪ್ಯೂಟರಿನಲ್ಲಿದ್ದುದನ್ನೆಲ್ಲ ಹೊಸದಕ್ಕೆ ಸಾಗಿಸುವಾಗ ಒಂದು ಎಡವಟ್ಟಾಯಿತು. ಅತ್ತಿಗೆಯ ದನಿಯ ಸ್ಯಾಂಪಲ್‌ಗಳು ಬಂದವು, ಅವುಗಳ ಸೆಟ್ಟಿಂಗ್‌ಗಳು ಬರಲಿಲ್ಲ.

ಈ ಸ್ಯಾಂಪಲ್‌ಗಳ ಕಥೆ ಹಳೆಯದು. ಮದುವೆಯಾದ ಹೊಸತರಲ್ಲಿ ಅಣ್ಣ ಅವಳನ್ನು ಒಂದು ಬಾಡಿಗೆ ಸ್ಟುಡಿಯೋದಲ್ಲಿ ನಿಲ್ಲಿಸಿ ಒಂದೊಂದೇ ಸ್ವರ ಹಾಡಿಸಿದ್ದ. ಆ ಅಂತ ಒಂದು ಸಲ, ಓ ಅಂತ ಒಂದು ಸಲ, ಬಾಯಿ ಮುಚ್ಚಿ ಮ್ ಅಂತ ಒಂದು ಸಲ. ಅದನ್ನೇ ಮೆಲ್ಲಗೆ, ಮತ್ತೆ ಗಟ್ಟಿಯಾಗಿ. ಆಮೇಲೆ ಒಂದೊಂದು ಸ್ವರವನ್ನೂ ಕೀಬೋರ್ಡಿನ ಒಂದೊಂದು ಕೀಗೆ ಕಟ್ಟಿಹಾಕಿದ. ಕೀ ಒತ್ತಿದರೆ ಹಾಡುತ್ತಾಳೆ, ಬೆರಳು ತೆಗೆದರೆ ಸುಮ್ಮನಾಗುತ್ತಾಳೆ. ಇಂಥ ಹೆಂಡತಿ ಯಾವ ಗಂಡನಿಗೆ ಬೇಡ! ಪ್ರತಿ ಸ್ಯಾಂಪಲ್ ಎಲ್ಲಿಂದ ನುಡಿಯಬೇಕು, ಎಲ್ಲಿ ನಿಲ್ಲಬೇಕು ಎಂದು ಅವನೇ ಆಗ ಗುರುತು ಹಾಕಿದ್ದ. ಈಗ ಆ ಗುರುತುಗಳೆಲ್ಲ ಮಂಗಮಾಯವಾಗಿ, ಕೀ ಒತ್ತಿದರೆ ಸ್ವರಕ್ಕಿಂತ ಮುಂಚೆ ಕೆಮ್ಮು, ಗಂಟಲು ಸರಿಮಾಡಿಕೊಂಡ ಸದ್ದು, ಎಲ್ಲೋ ಬಾಗಿಲು ಹಾಕಿದ್ದು, ಎಲ್ಲ ಕೇಳುತ್ತಿತ್ತು.

"ನೀನೇ ಕೂತ್ಕೊಂಡು ಸರಿಮಾಡಿಬಿಡು," ಎಂದ ಅಣ್ಣ. "ನಿನ್ನ ದನಿ ಎಲ್ಲಿ ಶುರುವಾಗುತ್ತೆ, ಎಲ್ಲಿ ಮುಗಿಯುತ್ತೆ ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ?"

"ನನಗೆಲ್ಲಿ ಬರುತ್ತೆ ರೀ ಇದೆಲ್ಲ?"

"ತರಕಾರಿ ಹೆಚ್ಚಿದ ಹಾಗೆ ಕಣೇ. ಹಸಿರು ಗೆರೆ ಶುರು, ಕೆಂಪು ಗೆರೆ ಕೊನೆ. ಎಳೆದು ಎಳೆದು ನಿಲ್ಲಿಸ್ತಾ ಹೋಗು. ತೊಟ್ಟು ತೆಗಿ, ತುದಿ ತೆಗಿ, ಅಷ್ಟೇ."

"ಜಾಸ್ತಿ ಕತ್ತರಿಸಿಬಿಟ್ರೆ?"

"ಕತ್ತರಿಸೋದು ಅಂತ ಏನೂ ಇಲ್ಲ. ಗೆರೆ ಆಚೆ ಇರೋದು ಅಲ್ಲೇ ಇರುತ್ತೆ. ನುಡಿಯೋದಿಲ್ಲ, ಅಷ್ಟೇ." ಆಮೇಲೆ ಪರದೆಯ ಮೂಲೆಯ ಒಂದು ಬಟನ್ ತೋರಿಸಿದ. "ಕೀ ಬಿಟ್ಟ ಕೂಡಲೇ ನಿಲ್ಲಬೇಕೋ, ಬಿಟ್ರೂ ಪೂರ್ತಿ ನುಡೀಬೇಕೋ ಅಂತ ಇದು. ಇದರ ತಂಟೆಗೆ ಮಾತ್ರ ಹೋಗಬೇಡ."

ಅತ್ತಿಗೆ ಒಪ್ಪಿಕೊಂಡದ್ದಕ್ಕೆ ಕಾರಣವಿತ್ತು. ಒಂದು ಹೊಸ ಧಾರಾವಾಹಿಯ ಶೀರ್ಷಿಕೆ ಗೀತೆ ಅಣ್ಣನ ಕೈಗೆ ಬಂದಿತ್ತು. ನಡುವಯಸ್ಸು ದಾಟಿದ ಹೆಂಗಸೊಬ್ಬಳ ಕಥೆಯಂತೆ. "ಇದನ್ನ ನೀನೇ ಹಾಡು," ಎಂದಿದ್ದ ಅಣ್ಣ, ಊಟ ಮಾಡುತ್ತ, ತಲೆ ಎತ್ತದೆ. ಅವಳಿಗೆ ಕೈಯಲ್ಲಿದ್ದ ಸೌಟು ಎಲ್ಲಿಡಬೇಕೆಂದೇ ತೋಚಲಿಲ್ಲ. ಎಷ್ಟೋ ವರ್ಷಗಳ ಮೇಲೆ ಅವಳ ಹೆಸರಿನ ಮುಂದೆ ಗಾಯನ ಎಂದು ಬರುವುದಿತ್ತು. ಅಂದಿನಿಂದ ತಣ್ಣೀರು ಬಿಟ್ಟಳು, ಮೊಸರು ಬಿಟ್ಟಳು, ಪಾತ್ರೆ ತೊಳೆಯುವಾಗ, ಬಟ್ಟೆ ಮಡಿಸುವಾಗ ಆ ಹಾಡನ್ನೇ ತಿರುಗಿಸಿ ತಿರುಗಿಸಿ ಹಾಡಿದಳು. ಹಿಂದಿನ ವಾರ ರೆಕಾರ್ಡಿಂಗೂ ಆಯಿತು. ಕೋಣೆಯ ಮೂಲೆಯ ಗಾಜಿನ ಗೂಡಿನೊಳಗೆ ಹಾಡಿ ಮುಗಿಸಿ ಆಚೆ ನೋಡಿದರೆ ಅಣ್ಣ, "ಹೂಂ, ಆಯ್ತು," ಎಂದ. ಆ ಹೂಂ ಒಳಗೆ ಎಲ್ಲಾದರೂ ಮೆಚ್ಚುಗೆ ಇದೆಯೇ ಎಂದು ಅವಳು ಎರಡು ದಿನ ಹುಡುಕಿದ್ದಳು. ಸ್ಯಾಂಪಲ್‌ಗಳು ಹಿಂದಿನ ಕೋರಸ್‌ಗೆ ಎಂದು ಅವನು ಹೇಳಿದ್ದ. ಮುಂದೆ ತಾನು, ಹಿಂದೆಯೂ ತಾನೇ ಎಂದರೆ ಅವಳಿಗೆ ಖುಷಿಯೇ ಆಯಿತು.

ಮಧ್ಯಾಹ್ನದ ಹೊತ್ತು ಅಡುಗೆಮನೆ ಕೆಲಸ ಮುಗಿಸಿ ಮೇಲೆ ಹೋಗಿ ಕೂರುತ್ತಿದ್ದಳು. ಕೈ ಪಳಗಲು ಹೆಚ್ಚು ದಿನ ಹಿಡಿಯಲಿಲ್ಲ. ಹಸಿರು ಗೆರೆಯನ್ನು ಉಸಿರು ಎಳೆದುಕೊಂಡ ಸದ್ದು ದಾಟಿಸಿ ನಿಲ್ಲಿಸಬೇಕು, ಆದರೆ ಪೂರ್ತಿ ದಾಟಿಸಿದರೆ ಸ್ವರ ಕೋಲಿನಿಂದ ತಿವಿದಂತೆ ಏಳುತ್ತದೆ. ಉಸಿರಿನ ಬಾಲ ಚೂರು ಉಳಿಸಬೇಕು. ಕೊನೆಯಲ್ಲಿ ದನಿ ಸಣ್ಣದಾಗುತ್ತ ಹೋಗುವಲ್ಲಿ ಕೆಂಪು ಗೆರೆ. ಕೆಲಸವೇನೋ ಸಲೀಸು, ಕೇಳುವುದೇ ಕಷ್ಟ. ಸ್ಯಾಂಪಲ್‌ನೊಳಗಿನ ಅಂದಿನ ಆ ಹುಡುಗಿ ಮೇಲಿನ ಸ್ವರಕ್ಕೆ ಮೆಟ್ಟಿಲು ಹತ್ತದೆ ನೇರ ಹಾರಿ ಕೂರುತ್ತಿದ್ದಳು. ಎಷ್ಟು ಹೊತ್ತು ಹಿಡಿದರೂ ಅಲ್ಲಾಡುತ್ತಿರಲಿಲ್ಲ. ಅತ್ತಿಗೆಗೆ ಅವಳ ಮೇಲೆ ಹೊಟ್ಟೆಕಿಚ್ಚಾಯಿತು. ತನ್ನ ಮೇಲೆ ತನಗೇ ಹೊಟ್ಟೆಕಿಚ್ಚು ಪಟ್ಟುಕೊಳ್ಳುವ ಭಾಗ್ಯ ಎಲ್ಲರಿಗೂ ಬರುವುದಿಲ್ಲ ಎಂದು ನಕ್ಕು, ಮುಂದಿನ ಕೀ ಒತ್ತಿದಳು.

ಧಾರಾವಾಹಿಯ ನಿರ್ದೇಶಕ ಹಾಡು ಕೇಳಲು ಬರುವ ದಿನ ಅವಳಿಗೆ ಉಳಿದಿದ್ದದ್ದು ಒಂದೇ ಸ್ವರ, ಮೇಲಿನ ಷಡ್ಜ. ಅಣ್ಣ ನಿರ್ದೇಶಕನನ್ನು ಎದುರುಗೊಳ್ಳಲು ಗೇಟಿನ ಹತ್ತಿರ ನಿಂತಿದ್ದ. ಅವಳು ಸ್ಯಾಂಪಲ್ ಅನ್ನು ತಲೆಯಿಂದ ಬಾಲದವರೆಗೆ ನುಡಿಸಿದಳು. ಕೆಮ್ಮು ಬಂತು, ಉಸಿರು ಬಂತು, ಸ್ವರ ಬಂತು. ಸ್ವರ ಮುಗಿದ ಮೇಲೂ ಪರದೆಯ ಮೇಲೆ ಅಲೆಗಳು ಮುಂದೆ ಹೋಗಿದ್ದವು. ಅವಳು ನಿಲ್ಲಿಸದೆ ಕೇಳಿದಳು.

ಸೊಳ್ಳೆ ಗುಂಯ್‌ಗುಟ್ಟಿದಷ್ಟು ಸಣ್ಣಗೆ ಒಂದು ಗಂಡು ದನಿ. ಅಂದು ಗಾಜಿನಾಚೆಯಿಂದ ಅಣ್ಣ ಹೇಳಿದ್ದು ಅವಳ ಕಿವಿಯ ಹೆಡ್‌ಫೋನಿನಿಂದ ಸೋರಿ ಮೈಕಿಗೆ ಬಿದ್ದಿತ್ತು. "ಸಾಕು ಬಾ. ಎಲ್ಲಾ ಸಿಕ್ತು. ಇನ್ಮೇಲೆ ನಿನ್ನನ್ನ ಮೈಕ್ ಮುಂದೆ ನಿಲ್ಲಿಸೋ ಗೋಜೇ ಇಲ್ಲ." ಅದರ ಬೆನ್ನಿಗೇ ಒಂದು ನಗು. ಹತ್ತಿರದ, ಗಟ್ಟಿಯಾದ, ಹೊಟ್ಟೆಯಿಂದ ಎದ್ದ ನಗು.

ಅತ್ತಿಗೆಗೆ ಆ ದಿನ ಪೂರ್ತಿ ನೆನಪಾಯಿತು. ಫ್ಯಾನಿಲ್ಲದ ಆ ಕೋಣೆಯಲ್ಲಿ ಬೆಳಗಿನಿಂದ ನಿಂತು ಕಾಲು ಮರಗಟ್ಟಿತ್ತು. ಗಂಡ ಹಾಗೆಂದಾಗ, ಪಾಪ, ನನ್ನ ಮೇಲೆ ಇವರಿಗೆ ಎಷ್ಟು ಕನಿಕರ ಎನಿಸಿ ನಕ್ಕಿದ್ದಳು. ಈಗಲೂ ಅವಳ ತುಟಿಯಂಚಿಗೆ ನಗು ಬಂತು. ಕೆಂಪು ಗೆರೆಯನ್ನು ಎಳೆದು ಸ್ವರದ ಕೊನೆಗೆ ನಿಲ್ಲಿಸಿದಳು. ಕೆಲಸ ಮುಗಿಯಿತಲ್ಲ, ಕೋರಸ್ ಜೊತೆ ತನ್ನ ಹಾಡು ಹೇಗೆ ಕೇಳುತ್ತದೆ ನೋಡೋಣ ಎಂದು ಹಾಡಿನ ಫೈಲ್ ತೆರೆದಳು.

ಹಾಡು ಶುರುವಾಯಿತು. ಹಾಡಿದ್ದು ಅವಳಲ್ಲ. ಆ ಹುಡುಗಿ.

ಮೊದಲ ಸಾಲಿನಿಂದಲೇ ಆ ಹುಡುಗಿ. ಮಾತಿದ್ದ ಕಡೆ ಮಾತಿಲ್ಲದೆ ಆ, ಓ ಎಂದು ರಾಗವನ್ನೇ ಎಳೆಯುತ್ತ, ಎಲ್ಲೂ ಅಲ್ಲಾಡದೆ, ಎಲ್ಲೂ ದಣಿಯದೆ. ಅತ್ತಿಗೆ ಪರದೆಯ ಸಾಲುಗಳಲ್ಲಿ ತನ್ನನ್ನು ಹುಡುಕಿದಳು. ಕಟ್ಟಕಡೆಯ ಸಾಲಿನಲ್ಲಿದ್ದಳು. ಪಕ್ಕದಲ್ಲಿ ಮ್ಯೂಟ್ ಬಟನ್ ಕೆಂಪಗೆ ಉರಿಯುತ್ತಿತ್ತು. ಹೆಸರು ಹಾಕುವ ಜಾಗದಲ್ಲಿ 'ಗೈಡ್' ಎಂದಿತ್ತು. ಸಂಗೀತದವರ ಮನೆಯಲ್ಲಿ ಬಾಳಿದವಳಿಗೆ ಅದರ ಅರ್ಥ ಯಾರೂ ಹೇಳಿಕೊಡಬೇಕಿರಲಿಲ್ಲ. ನಿಜವಾಗಿ ಹಾಡುವವರಿಗೆ ದಾರಿ ತೋರಿಸಲೆಂದು ಯಾರಿಂದಲಾದರೂ ಒಮ್ಮೆ ಹಾಡಿಸಿಟ್ಟು, ಆಮೇಲೆ ಅಳಿಸಿಹಾಕುವ ಹಾಡು ಅದು.

ಅವಳು ಮ್ಯೂಟ್ ತೆಗೆದು ತನ್ನ ಹಾಡನ್ನು ಕೇಳಿದಳು. ದನಿ ಒರಟಾಗಿತ್ತು, ಎರಡು ಕಡೆ ಉಸಿರು ಕಡಿಮೆ ಬಿದ್ದಿತ್ತು. ಆದರೆ ಚೆನ್ನಾಗಿತ್ತು. ಅದನ್ನು ಹೇಳಲು ಅವಳಿಗೆ ಯಾರ ಹೂಂ ಕೂಡ ಬೇಕಿರಲಿಲ್ಲ. ನಿರ್ದೇಶಕನಿಗೆ ಇದನ್ನೇ ಕೇಳಿಸಿಬಿಡಲೇ ಎಂದುಕೊಂಡಳು. ಕೇಳಿಸಿದರೆ ಏನಾಗುತ್ತದೆಂದೂ ಗೊತ್ತಿತ್ತು. "ಅಯ್ಯೋ, ಗೈಡ್ ಬಂದುಬಿಡ್ತು" ಎಂದು ಅಣ್ಣ ಒಂದು ಬೆರಳಲ್ಲಿ ಅವಳ ಬಾಯಿ ಮುಚ್ಚಿಸುತ್ತಾನೆ, ನಿರ್ದೇಶಕ ತಲೆಯಾಡಿಸುತ್ತಾನೆ. ಅವಳು ಮತ್ತೆ ಮ್ಯೂಟ್ ಒತ್ತಿದಳು.

ಇನ್ಮೇಲೆ ನಿನ್ನನ್ನ ಮೈಕ್ ಮುಂದೆ ನಿಲ್ಲಿಸೋ ಗೋಜೇ ಇಲ್ಲ. ಅದೇ ಮಾತು. ಆಗ ಕೇಳಿದಾಗ ಕನಿಕರ, ಈಗ ಕೇಳಿದರೆ ಲೆಕ್ಕ ಚುಕ್ತಾ. ಮೈಯೆಲ್ಲ ಉರಿದುಹೋಯಿತು. ಅವನು ಸುಳ್ಳು ಹೇಳಿರಲಿಲ್ಲ, ಅದೇ ಅವಳಿಗೆ ಹೆಚ್ಚು ಉರಿ. ಮುಖದ ಮೇಲೆಯೇ ಹೇಳಿದ್ದ, ಅವಳೇ ನಕ್ಕಿದ್ದಳು. ಅವನನ್ನಾದರೂ ಒಂದು ದಿನ ಕ್ಷಮಿಸಬಹುದೇನೋ, ಆ ನಗುವನ್ನು ಕ್ಷಮಿಸಲಾರೆ ಎನಿಸಿತು.

ಇಡೀ ಹಾಡಿನಲ್ಲಿ ಮೇಲಿನ ಷಡ್ಜ ಬರುವುದು ಒಂದೇ ಕಡೆ, ಕೊನೆಯಲ್ಲಿ. ವಾದ್ಯಗಳೆಲ್ಲ ನಿಂತು ದನಿಯೊಂದೇ ಉಳಿಯುವ ಜಾಗ. ಅತ್ತಿಗೆ ಆ ಸ್ಯಾಂಪಲ್‌ನ ಕೆಂಪು ಗೆರೆಯನ್ನು ಹಿಡಿದು ಬಲಕ್ಕೆ, ಅವನ ಮಾತು ದಾಟಿಸಿ, ತನ್ನ ನಗು ದಾಟಿಸಿ, ಕಟ್ಟಕಡೆಗೆ ಎಳೆದಳು. ಆಮೇಲೆ ಮೂಲೆಯ ಆ ಬಟನ್ ಒತ್ತಿದಳು, ಕೀ ಬಿಟ್ಟರೂ ಪೂರ್ತಿ ನುಡಿಯಲಿ ಎಂದು. ಪರರ ಮುಂದೆ ಕೇಳಲಿ. ಅವನ ಮುಖ ಇಳಿಯುವುದನ್ನು ಒಂದು ಸಲ ಕಣ್ಣಾರೆ ನೋಡಬೇಕು, ಸಾಕು.

"ಆಯ್ತೇನೇ? ಬಂದ್ರು!" ಕೆಳಗಿನಿಂದ ಅಣ್ಣ ಕೂಗಿದ.

"ಆಯ್ತು ರೀ," ಎಂದಳು ಅತ್ತಿಗೆ.

ನಿರ್ದೇಶಕ ಇನ್ನೂ ಸಣ್ಣ ಪ್ರಾಯದವನು, ಬಂದವನೇ ಅತ್ತಿಗೆಗೆ ಕೈ ಮುಗಿದು ಸೋಫಾದ ಅಂಚಿಗೆ ಕೂತ. ಅಣ್ಣ ಹಾಡು ಬಿಟ್ಟ. ಆ ಹುಡುಗಿ ಹಾಡಿದಳು. ನಿರ್ದೇಶಕ ಕಣ್ಣು ಮುಚ್ಚಿ ತೊಡೆ ಮೇಲೆ ತಾಳ ಹಾಕುತ್ತಿದ್ದ. ಅತ್ತಿಗೆ ಬಾಗಿಲಿಗೆ ಒರಗಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಳು. ವಾದ್ಯಗಳು ನಿಂತವು. ಮೇಲಿನ ಷಡ್ಜ ಎದ್ದಿತು, ಸಣ್ಣದಾಯಿತು, ಮುಗಿಯಿತು. ಆಮೇಲೆ ಆ ಸೊಳ್ಳೆ ದನಿ. ಆಮೇಲೆ ಆ ನಗು ಕೋಣೆ ತುಂಬ.

ಅಣ್ಣ ಗಕ್ಕನೆ ತಿರುಗಿ ಹೆಂಡತಿಯ ಮುಖ ನೋಡಿದ. ಅವನಿಗೆ ಎಲ್ಲ ಅರ್ಥವಾಗಿತ್ತು. ಅವಳೂ ಕಣ್ಣು ಕೆಳಗೆ ಹಾಕಲಿಲ್ಲ. ಅವನ ಮುಖ ಇಳಿಯಲು ಶುರುವಾಗಿತ್ತು.

"ಆಹಾ!" ಎಂದ ನಿರ್ದೇಶಕ, ಕಣ್ಣು ಬಿಟ್ಟು. "ಏನ್ ಅಣ್ಣಾ ಇದು! ಕೊನೇಲಿ ಆ ನಗು! ಮೈ ಜುಂ ಅಂತು ನೋಡಿ. ಇಡೀ ಕಥೆ ಆ ನಗೂಲಿ ಬಂದುಬಿಡ್ತು. ಯಾರ ಐಡಿಯಾ?"

ಅಣ್ಣ ಮತ್ತೆ ಪರದೆಯ ಕಡೆಗೆ ತಿರುಗಿದ.

"ನಂದೇ," ಎಂದ.

"ಸೂಪರ್. ಮಧ್ಯ ಯಾರೋ ಗಂಡಸು ಗೊಣಗಿದ ಹಾಗೆ ಕೇಳಿಸ್ತು, ಅದೊಂದು ಬೇಡ."

"ಹಳೇ ರೆಕಾರ್ಡಿಂಗ್ ಅಲ್ವಾ, ಗಲೀಜು ಇರುತ್ತೆ. ಈಗಲೇ ತೆಗೆದೆ." ಅಣ್ಣ ಮೌಸ್ ಹಿಡಿದ. ಆ ಸ್ಯಾಂಪಲ್‌ನ ಇನ್ನೊಂದು ಪ್ರತಿ ಮಾಡಿ, ಹಸಿರು ಗೆರೆಯನ್ನು ಸ್ವರ ದಾಟಿಸಿ, ತಾನಾಡಿದ ಮಾತನ್ನೂ ದಾಟಿಸಿ, ಸರಿಯಾಗಿ ನಗುವಿನ ಬಾಯಿಗೆ ತಂದು ನಿಲ್ಲಿಸಿದ. ಪಳಗಿದ ಕೈ. ಅವನ ಮಾತು ಇಲ್ಲವಾಯಿತು, ಅವಳ ನಗು ಉಳಿಯಿತು.

"ಯಾರ ದನಿ ಅಣ್ಣಾ ಅದು?"

"ನಂದು," ಎಂದಳು ಅತ್ತಿಗೆ. ಅವಳ ದನಿ ಅವಳಿಗೇ ಒರಟಾಗಿ ಕೇಳಿಸಿತು.

ನಿರ್ದೇಶಕ ಸೋಫಾದಿಂದ ಅರ್ಧ ಎದ್ದ. "ಹೌದಾ ಅತ್ತಿಗೆ? ನೀವು ಹಾಡ್ತಿದ್ರಾ?"

ಅವಳು ಬಾಯಿ ತೆರೆಯುವಷ್ಟರಲ್ಲಿ ಅಣ್ಣನೇ, ಪರದೆಯಿಂದ ಕಣ್ಣು ಕೀಳದೆ, "ಹಾಡ್ತಿದ್ಲು. ತುಂಬಾ ಚೆನ್ನಾಗಿ ಹಾಡ್ತಿದ್ಲು," ಎಂದ. ಮದುವೆಯಾದಾಗಿನಿಂದ ಅವಳು ಕಾದಿದ್ದ ಮಾತು ಅದು. ಅವನು ಮನಸ್ಸಿನಿಂದಲೇ ಹೇಳಿದ್ದ, ಅದೂ ಅವಳಿಗೆ ಗೊತ್ತಾಯಿತು.

"ನಗು ಇನ್ನೊಂಚೂರು ಉದ್ದ ಇದ್ದಿದ್ರೆ," ಎಂದು ನಿರ್ದೇಶಕ ತಲೆ ಕೆರೆದುಕೊಂಡ, "ಪರದೆ ಮೇಲೆ ಹೆಸರುಗಳೆಲ್ಲ ಮುಗಿಯೋವರೆಗೂ ಎಳೀಬಹುದಿತ್ತು."

"ಅದಕ್ಕೇನು, ಲೂಪ್ ಹಾಕಿದ್ರಾಯ್ತು." ಅಣ್ಣ ಇನ್ನೊಂದು ಬಟನ್ ಒತ್ತಿದ. ನಗು ಮುಗಿದ ಕಡೆಯಿಂದಲೇ ಮತ್ತೆ ಶುರುವಾಯಿತು. ಜೋಡಣೆ ಎಲ್ಲಿದೆ ಎಂದು ಗೊತ್ತಾಗದಂತೆ ಗೆರೆಗಳನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತ, ಹಿಂದಿರುಗಿ ನೋಡದೆ, "ಎರಡು ಕಾಫಿ ಕಣೇ," ಎಂದ.

ಅತ್ತಿಗೆ ಮೆಟ್ಟಿಲಿಳಿದು ಅಡುಗೆಮನೆಗೆ ಬಂದಳು. ಸ್ಟುಡಿಯೋದ ಬಾಗಿಲು ಹಾಕಿಕೊಂಡು ಬಂದಿರಲಿಲ್ಲ. ಒಲೆ ಹಚ್ಚಿ ಹಾಲಿಟ್ಟು, ಲೋಟ ತೊಳೆದು, ಹಾಲು ಉಕ್ಕುವುದನ್ನೇ ನೋಡುತ್ತ ನಿಂತಳು. ಮೇಲೆ ಆ ಹುಡುಗಿ ಗಂಡ ಹೇಳಿದ ಮಾತಿಗೆ ನಗುತ್ತಿದ್ದಳು, ನಗುತ್ತಲೇ ಇದ್ದಳು.